ಮೂರು ಫ್ಯಾನಿನ ಕಾರ್ಡು

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಎರಡು ರೂಮಿನ ಮನೆಯಲ್ಲಿ ಸರಿಯಾಗಿ ತಿರುಗುವ ಫ್ಯಾನು ಒಂದೇ. ಹೀಗಿರುವಾಗ 2023ರ ಡಿಸೆಂಬರ್‌ನಲ್ಲಿ ನಾನು ಕಂಪ್ಯೂಟರಿಗೆ ಅಂತ ಮೂರು ಫ್ಯಾನು ತಂದೆ.

ಆಟದ ಚಿತ್ರ ಪರದೆ ಮೇಲೆ ಬಿಡಿಸುವ ಗ್ರಾಫಿಕ್ಸ್ ಕಾರ್ಡಿನ ಫ್ಯಾನು ಮಾರಾಯ್ರೆ. ಆರ್‌ಟಿಎಕ್ಸ್ 4070. 2016ರ ನನ್ನ ಹಳೇ ಕಾರ್ಡು ಜಿಟಿಎಕ್ಸ್ 1060 ಏಳು ವರ್ಷ ದುಡಿದು ಸುಸ್ತಾಗಿತ್ತು. ಹೊಸ ಆಟ ಹಾಕಿದರೆ ಓಡುವ ಹೀರೋ ಕಾಲೆತ್ತಿ ಅಲ್ಲೇ ನಿಂತು, ಇಳಿಸೋದಾ ಬೇಡವಾ ಅಂತ ಯೋಚಿಸುತ್ತಿದ್ದ.

ಮುಂಬೈಯ ಲ್ಯಾಮಿಂಗ್ಟನ್ ರೋಡಿನಲ್ಲಿ ನಾಲ್ಕು ಕಂಪ್ಯೂಟರ್ ಅಂಗಡಿ ಹತ್ತಿಳಿದು, ಚೌಕಾಸಿ ಮಾಡಿ, ಗ್ರ್ಯಾಂಟ್ ರೋಡಿನಿಂದ ದಾದರ್‌ಗೆ ಬಂದು, ಅಲ್ಲಿಂದ ಫಾಸ್ಟ್ ಲೋಕಲ್ ಹಿಡಿದು, ಡಬ್ಬಿಯನ್ನು ಕೂಸಿನ ಹಾಗೆ ಎದೆಗವಚಿಕೊಂಡು ನಿಂತಿದ್ದೆ. ಪಕ್ಕದಲ್ಲಿದ್ದವರು ಕುಂದಾಪುರದ ಕಡೆಯ ಹೋಟೆಲಿನವರು. "ಮಿಕ್ಸಿಯಾ? ಎಷ್ಟಾಯ್ತು?" ಅಂದರು. ರೇಟು ಹೇಳಿದೆ. "ಅಷ್ಟರಲ್ಲಿ ಎರಡು ಗ್ರೈಂಡರ್ ಬರ್ತಿತ್ತಲ್ಲ" ಅಂತ ಮುಖ ತಿರುಗಿಸಿದರು.

ಮನೆಯಲ್ಲಿ ಕ್ಯಾಬಿನೆಟ್ ಬಿಚ್ಚಿದರೆ ಕಾರ್ಡು ಒಳಗೇ ಹೋಗುತ್ತಿಲ್ಲ. ಅಮ್ಮನ ಹೊಲಿಗೆ ಟೇಪು ಹಿಡಿದು ಅಳೆದೆ: ಕಾರ್ಡು 30 ಸೆಂ.ಮೀ., ಜಾಗ 28. ಓರೆ ಮಾಡಿದೆ, ತಲೆಕೆಳಗೆ ಮಾಡಿದೆ, ದೇವರನ್ನೂ ನೆನೆದೆ. ಕೊನೆಗೆ ಹಾರ್ಡ್ ಡಿಸ್ಕ್ ಇಡುವ ತಗಡಿನ ಗೂಡನ್ನೇ ಕಿತ್ತೆ. ಬೆರಳು ಕೊಯ್ದುಕೊಂಡಿತು, ಅಮ್ಮ ಅರಿಶಿನ ಮೆತ್ತಿದರು. ಕಾರ್ಡು ಕೂತಿತು. ಆದರೆ ವಯರು ಉಬ್ಬಿ ಪಕ್ಕದ ಮುಚ್ಚಳ ಮುಚ್ಚಲಿಲ್ಲ.

ಆಟ ಶುರುವಾದ ಎರಡೇ ನಿಮಿಷಕ್ಕೆ ಕಂಪ್ಯೂಟರ್ ತೆಪ್ಪಗಾಯಿತು. ಹಳೇ 1060ಕ್ಕೆ 120 ವ್ಯಾಟ್ ಸಾಕಿತ್ತು, ಇದಕ್ಕೆ 200. ನನ್ನ ಪವರ್ ಸಪ್ಲೈ ಒಟ್ಟು 400ರದ್ದು, ಇದು ಕೇಳುವುದು 650ರದ್ದು. ಡಬ್ಬಿ ಮೇಲೆ ಬರೆದಿತ್ತು, ಓದಿದವರು ಯಾರು? ಮತ್ತೆ ದಾದರ್, ಮತ್ತೆ ಗ್ರ್ಯಾಂಟ್ ರೋಡ್.

ಎಲ್ಲ ಸರಿಹೋಯ್ತು ಅನ್ನುವಷ್ಟರಲ್ಲಿ 2024ರ ಜನವರಿ ಬಂತು, ಜೊತೆಗೆ ನನ್ನ ಕಾರ್ಡಿನದೇ ಇನ್ನೂ ಜೋರಿನ ಅವತಾರ, 4070 ಸೂಪರ್ ಬಂತು. ನನ್ನದರಲ್ಲಿ ಲೆಕ್ಕ ಮಾಡುವ ಕೋರ್ 5,888, ಅದರಲ್ಲಿ 7,168. ಬೆಲೆ ಮಾತ್ರ ನನ್ನದು ಬಿಡುಗಡೆಯಾದಾಗ ಇದ್ದ 599 ಡಾಲರೇ. ನನ್ನ ಬೆರಳಿನ ಅರಿಶಿನ ಇನ್ನೂ ಹೋಗಿರಲಿಲ್ಲ.

ಮರುವರ್ಷ ಮುಂದಿನ ಪೀಳಿಗೆಯ 5070 ಬರುವಾಗ, 549 ಡಾಲರಿಗೆ 4090ರ, ಅಂದರೆ ನನ್ನ ಪೀಳಿಗೆಯ ದೊಡ್ಡಣ್ಣನ ತಾಕತ್ತು ಅಂತ ಕಾರ್ಡಿನ ಕಂಪನಿ ಎನ್‌ವಿಡಿಯಾದವರು ವೇದಿಕೆ ಮೇಲೆ ಹೇಳಿದರು. ಅದು ಒಂದು ಫ್ರೇಮ್, ಅಂದರೆ ಪರದೆಯ ಒಂದು ಚಿತ್ರ, ನಿಜಕ್ಕೂ ಬಿಡಿಸಿ, ಮೂರರವರೆಗೆ ಎಐ ಊಹಿಸಿ ಸೇರಿಸುವ ಲೆಕ್ಕ. ನೆಂಟರು ಜಾಸ್ತಿ ಬಂದಾಗ ಸಾರಿಗೆ ನೀರು ಬೆರೆಸಿದ ಹಾಗೆ, ಅಲ್ವಾ? ನನ್ನ ಹೊಟ್ಟೆಕಿಚ್ಚೂ ಇರಬಹುದು.

ಮುಚ್ಚಳ ಇವತ್ತಿಗೂ ಹಾಕಿಲ್ಲ. ಬಿಸಿಗಾಳಿ ಸೀದಾ ಹೊರಗೆ ಬರುತ್ತದೆ. ಮಳೆಗಾಲದಲ್ಲಿ ಇಲ್ಲಿ ಬಟ್ಟೆ ಒಣಗೋದಿಲ್ಲವಲ್ಲ, ಅಮ್ಮ ಪಕ್ಕದಲ್ಲೊಂದು ಕುರ್ಚಿ ಇಟ್ಟು ನನ್ನ ಕಾಲುಚೀಲ ನೇತು ಹಾಕುತ್ತಾರೆ. ಮೊನ್ನೆ ರಾತ್ರಿ ಹನ್ನೊಂದಕ್ಕೆ ಆಟ ಮುಗಿಸಿ ಏಳುತ್ತಿದ್ದೆ. ಅಮ್ಮ ಬಂದು ಒಂದನ್ನು ಮುಟ್ಟಿ ನೋಡಿ, "ಇನ್ನೊಂದು ಆಟ ಆಡೋ, ಹಿಮ್ಮಡಿ ಹಸಿ ಇದೆ" ಅಂದರು.