ಮೂಟೆ ಮೇಲೆ 28 ಅಂತ ಬರೆದರೆ ಮೀನಿನ ಹೊಟ್ಟೆ ತುಂಬುತ್ತಾ?

ಹೊಂಡದಲ್ಲಿ ಸಾಕಿದ ಮೀನು ತೂಕ ಕಟ್ಟದಿದ್ದರೆ ಮೊದಲು ಬೈಗುಳ ಬೀಳುವುದು ಆಹಾರದಲ್ಲಿರುವ ಸೋಯಾಗೆ. "ಮೀನಿನ ಪುಡಿ ಹಾಕಿಲ್ಲ, ಬರೀ ಹಿಂಡಿ ತಿನ್ನಿಸಿದರೆ ಇನ್ನೇನಾಗುತ್ತೆ?" ಅನ್ನುತ್ತಾರೆ. ಶುದ್ಧ ಸುಳ್ಳು! ರೋಹು, ಕಾಟ್ಲಾ, ಗೆಂಡೆ ಎಲ್ಲವೂ ಸೋಯಾ, ಶೇಂಗಾ ಹಿಂಡಿ, ತೌಡು ತಿಂದೇ ಚೆನ್ನಾಗಿ ಬೆಳೆಯುತ್ತವೆ. ಮೋಸ ಇರುವುದು ಅಂಗಡಿಯಿಂದ ತರುವ ಮೀನಿನ ಆಹಾರದ ಮೂಟೆಯೊಳಗೆ.

"ಕಚ್ಚಾ ಪ್ರೋಟೀನ್ ಶೇ. 28" ಅನ್ನುವ ಅಂಕಿ ಬರುವುದು ಹೇಗೆ ಗೊತ್ತಾ? ಪ್ರಯೋಗಾಲಯದಲ್ಲಿ ಅಳೆಯುವುದು ಸಾರಜನಕವನ್ನು, ಅದನ್ನು 6.25ರಿಂದ ಗುಣಿಸುತ್ತಾರೆ, ಅಷ್ಟೇ. ಯೂರಿಯಾದಲ್ಲಿ ಶೇ. 46 ಸಾರಜನಕ. 98 ಕೆ.ಜಿ. ಆಹಾರಕ್ಕೆ 2 ಕೆ.ಜಿ. ಯೂರಿಯಾ ಬೆರೆಸಿದರೆ 24 ಇದ್ದದ್ದು 29 ಅಂತ ತೋರಿಸುತ್ತೆ. ದನದ ಹೊಟ್ಟೆಯಲ್ಲಾದರೆ ಯೂರಿಯಾದಿಂದ ಪ್ರೋಟೀನ್ ಮಾಡಿಕೊಡುವ ಸೂಕ್ಷ್ಮಜೀವಿಗಳಿವೆ. ಮೀನಿಗೆ ಅವು ಎಲ್ಲಿವೆ? ದುಡ್ಡು ಕೊಟ್ಟು ಹೊಂಡಕ್ಕೆ ಅಮೋನಿಯಾ ಸುರಿದ ಹಾಗಾಯಿತು.

ಹಾಲಿನಲ್ಲಿ ಯೂರಿಯಾ ಪತ್ತೆಹಚ್ಚುವ ವಿಧಾನವೇ ಇಲ್ಲೂ ಸಾಕು. ಒಂದು ಚಮಚ ಆಹಾರವನ್ನು ನೀರಿನಲ್ಲಿ ಕದಡಿ ಸೋಸಿ. ತಿಳಿನೀರಿಗೆ ಅರ್ಧ ಚಮಚ ಹಸಿ ತೊಗರಿ ಹಿಟ್ಟು ಹಾಕಿ (ಹುರಿದದ್ದು ಬೇಡ, ಯೂರಿಯಾವನ್ನು ಅಮೋನಿಯಾ ಮಾಡುವ ಯೂರಿಯೇಸ್ ಕಿಣ್ವ ಸತ್ತಿರುತ್ತೆ), ಐದು ನಿಮಿಷ ಬಿಟ್ಟು ಕೆಂಪು ಲಿಟ್ಮಸ್ ಕಾಗದ ಅದ್ದಿ. ನೀಲಿ ಆದರೆ ಯೂರಿಯಾ ಇದೆ ಅಂತ ಅನುಮಾನಿಸಿ. ನಮ್ಮ ಬೋರ್‌ವೆಲ್ ನೀರು ತಾನೇ ಲಿಟ್ಮಸ್ಸನ್ನು ನೀಲಿ ಮಾಡಬಹುದು, ಹಾಗಾಗಿ ಬಟ್ಟಿ ಇಳಿಸಿದ ನೀರನ್ನೇ ಬಳಸಿ. ಹಿಟ್ಟು ಹಾಕುವ ಮೊದಲೂ ಒಮ್ಮೆ ಕಾಗದ ಅದ್ದಿ ನೋಡಿ.

ಸೋಯಾದಲ್ಲೂ ಇದೇ ಅಡ್ಡದಾರಿ. ಸರಿಯಾಗಿ ಬೇಯದ ಸೋಯಾದಲ್ಲಿ ಟ್ರಿಪ್ಸಿನ್ ಅನ್ನುವ ಜೀರ್ಣಕಿಣ್ವವನ್ನು ತಡೆಯುವ ವಸ್ತು ಉಳಿದುಬಿಡುತ್ತೆ, ಪ್ರೋಟೀನ್ ಇದ್ದೂ ಜೀರ್ಣವಾಗುವುದಿಲ್ಲ. ಬೇಯಿಸುವ ಇಂಧನ ಉಳಿಸಿದವರ ಲಾಭಕ್ಕೆ ನಷ್ಟ ಹೊರುವವರು ನಾವು. ಸುಟ್ಟು ಕಂದಾಗಿಸಿದರೆ ಪ್ರೋಟೀನಿನಲ್ಲಿರುವ ಲೈಸಿನ್ ಅನ್ನುವ ಅಗತ್ಯ ಅಮೈನೋ ಆಮ್ಲ ಹಾಳು, ಅದೂ ವ್ಯರ್ಥ. ಎರಡಕ್ಕೂ ಪರೀಕ್ಷೆ ಇದೆ: ಬೇಯದ್ದಕ್ಕೆ ಯೂರಿಯೇಸ್, ಸುಟ್ಟದ್ದಕ್ಕೆ ಪೊಟ್ಯಾಶಿಯಂ ಹೈಡ್ರಾಕ್ಸೈಡ್‌ನಲ್ಲಿ ಪ್ರೋಟೀನ್ ಕರಗುವಿಕೆ. ಇವುಗಳ ಫಲಿತಾಂಶವನ್ನು ಮೂಟೆಯ ಚೀಟಿಯಲ್ಲಿ ಯಾಕೆ ಮುದ್ರಿಸುವುದಿಲ್ಲ?

ಶೇಂಗಾ ಹಿಂಡಿ ಅಗ್ಗಕ್ಕೆ ಸಿಕ್ಕಿತು ಅಂತ ಅದನ್ನೇ ತುಂಬುವುದೂ ತಪ್ಪು. ಗೆಂಡೆಗೆ ಪ್ರೋಟೀನಿನ ಶೇ. 5.7ರಷ್ಟು ಲೈಸಿನ್ ಬೇಕು. ಶೇಂಗಾ ಪ್ರೋಟೀನಿನಲ್ಲಿರುವುದು ಸುಮಾರು 3.5, ಸೋಯಾದಲ್ಲಿ 6ರ ಆಸುಪಾಸು. ಅದಕ್ಕೇ ಎರಡನ್ನೂ ಬೆರೆಸಬೇಕು. ನೂರು ಕೆ.ಜಿ.ಗೆ ಸೋಯಾ ಹಿಂಡಿ 30, ಶೇಂಗಾ ಹಿಂಡಿ 20, ಎಣ್ಣೆ ತೆಗೆದ ತೌಡು 40, ಜೋಳದ ಹಿಟ್ಟು 7, ಖನಿಜ ಮಿಶ್ರಣ 2, ಉಪ್ಪು 1 ಹಾಕಿದರೆ ನಿಜವಾದ ಪ್ರೋಟೀನೇ 28ರ ಹತ್ತಿರ ಬರುತ್ತೆ. ಮಳೆಗಾಲದಲ್ಲಿ ಬೂಸ್ಟು ಹಿಡಿದ ಹಿಂಡಿಯನ್ನು ಬಿಸಿಲಿಗೆ ಹಾಕಿ ಮಾರುವವರನ್ನು ನಂಬಬೇಡಿ. ಬೂಸ್ಟಿನ ವಿಷವಾದ ಅಫ್ಲಾಟಾಕ್ಸಿನ್ ಒಣಗಿಸಿದರೆ ಹೋಗಲ್ಲ, ಬೇಯಿಸಿದರೂ ಹೋಗಲ್ಲ. ಮೀನಿನ ಯಕೃತ್ತು ಕೆಡುತ್ತೆ.

ಅಂಗಡಿಯವರಿಗೆ ಹಿಂಡಿ ಅಂದರೆ ಎಲ್ಲ ಒಂದೇ! ಹಿಪ್ಪೆ ಹಿಂಡಿಯನ್ನು ಶೇಂಗಾ ಹಿಂಡಿಯ ಪಕ್ಕದಲ್ಲೇ, ಹೆಸರಿಲ್ಲದ ಚೀಲದಲ್ಲಿ ಪೇರಿಸಿರುತ್ತಾರೆ. ಕಳೆ ಮೀನು ಸಾಯಿಸಲು ಹೆಕ್ಟೇರಿಗೆ 2,500 ಕೆ.ಜಿ. ಹಾಕುವ ವಿಷ ಅದು, ಸ್ವಾಮಿ!

ಮೂಳೆಗೆ ಬೇಕಾದ ರಂಜಕದ (ಫಾಸ್ಫರಸ್) ವಿಷಯ ಇನ್ನೂ ಕೆಟ್ಟದ್ದು. ಸಸ್ಯಮೂಲದ ರಂಜಕದ ಬಹುಪಾಲು ಮೀನಿಗೆ ಜೀರ್ಣವಾಗದ ಫೈಟೇಟ್ ರೂಪದಲ್ಲಿ ಸಿಕ್ಕಿಕೊಂಡಿರುತ್ತೆ. ಗೆಂಡೆ ಜಾತಿಗೆ ಜಠರವೇ ಇಲ್ಲ, ಫಾಸ್ಫೇಟನ್ನು ಕರಗಿಸುವ ಆಮ್ಲವಿಲ್ಲ. ಡೈಕ್ಯಾಲ್ಸಿಯಂ ಫಾಸ್ಫೇಟ್ ಹಾಕಿದರೂ ಅದರ ರಂಜಕದಲ್ಲಿ ದಕ್ಕುವುದು ಅರ್ಧದಷ್ಟು ಮಾತ್ರ. ಬೇಕಾಗಿರುವುದು ಸುಲಭವಾಗಿ ಕರಗುವ ಮಾನೋಕ್ಯಾಲ್ಸಿಯಂ ಫಾಸ್ಫೇಟ್, ಅದು ದುಬಾರಿ, ಆದ್ದರಿಂದ ಕೋಳಿಗೆ ಹಾಕುವ ಮಿಶ್ರಣವನ್ನೇ ಮೀನಿಗೂ ಸುರಿಯುತ್ತಾರೆ. ತಲೆಮೂಳೆ ಸೊಟ್ಟಗಾದ ಮೀನು ಬಂದರೆ "ಬಿತ್ತನೆ ಮರಿ ಸರಿಯಿಲ್ಲ" ಅಂತ ಮರಿ ಸಾಕಿದವನ ಮೇಲೆ ಹೊರಿಸುತ್ತಾರೆ. ಯಾವ ಫಾಸ್ಫೇಟು, ಎಷ್ಟು ಗ್ರಾಂ ಅಂತ ಚೀಟಿಯಲ್ಲಿ ಬರೆಯಿರಿ, ಆಮೇಲೆ ಮರಿಯ ಬಗ್ಗೆ ಮಾತಾಡೋಣ.