ಡೋಣಿಗೆ ಮತ್ತೆ ದಿಢೀರ್ ಪ್ರವಾಹ

ಡೋಣಿ ನದಿ ಉಕ್ಕಿದೆ. ತಾಳಿಕೋಟೆ ಹತ್ತಿರದ ಹಡಗಿನಾಳ ಸೇತುವೆ ಮುಳುಗಿದೆ. ಸಂಚಾರ ಬಂದ್. ಮುಂದಿನದು ನಿಮಗೆ ಗೊತ್ತೇ ಇದೆ ಬಿಡಿ. ಹಳೇ ಪೇಪರ್ ತೆಗೆದು ತಾರೀಕು ತಿದ್ದಿದರೂ ನಡೆಯುತ್ತದೆ. ಆದರೂ ಪ್ರತಿ ಸಲ ಎಲ್ಲರಿಗೂ ಆಶ್ಚರ್ಯ.

ನನ್ನ ಪ್ರಕಾರ ವಿಜಯಪುರ ಜಿಲ್ಲೆಯಲ್ಲಿ ಡೋಣಿಯಷ್ಟು ಶಿಸ್ತಿನ ನೌಕರ ಇನ್ನೊಬ್ಬನಿಲ್ಲ. ಮಹಾರಾಷ್ಟ್ರದ ಜತ್ ಕಡೆಯಿಂದ ಹೊರಟು ಕೃಷ್ಣೆ ಸೇರುವವರೆಗೆ ಮಾಡಬೇಕಾದ ಕೆಲಸವನ್ನೆಲ್ಲ ಮಾಡುತ್ತದೆ. ಬೇಸಿಗೆಯಲ್ಲಿ ಒಣಗುತ್ತದೆ, ಮಳೆಗಾಲದಲ್ಲಿ ಉಕ್ಕುತ್ತದೆ. ವರ್ಗಾವಣೆ ಕೇಳಿಲ್ಲ.

ಇದರಲ್ಲಿ ಗುಟ್ಟೇನೂ ಇಲ್ಲ. ಕೆಳಗಿರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಗಟ್ಟಿಯಾದ ಕಪ್ಪು ಕಲ್ಲು. ಮೇಲಿರುವುದು ಅದೇ ಕಲ್ಲು ಸವೆದು ಆದ ಎರೆಮಣ್ಣು. ಏಪ್ರಿಲ್‌ನಲ್ಲಿ ಹೋಗಿ ನೋಡಿ, ಕಾಲು ಸಿಕ್ಕಿಕೊಳ್ಳುವಂಥ ಬಿರುಕು. ನಾಲ್ಕು ಮಳೆ ಬಿದ್ದರೆ ಮಣ್ಣು ಉಬ್ಬಿ ಬಿರುಕೆಲ್ಲ ಮುಚ್ಚಿಕೊಳ್ಳುತ್ತದೆ. ಆಮೇಲೆ ಬಿದ್ದ ನೀರು ಒಳಗೆ ಇಳಿಯುವುದು ಕಷ್ಟ, ಮೇಲೆಯೇ ಜಾರುತ್ತದೆ. ಜಾರುವಾಗ ಬರಿಗೈಲಿ ಹೋಗುತ್ತದಾ? ಹೊಲದ ಮಣ್ಣನ್ನೂ ಕಟ್ಟಿಕೊಂಡು ಹೋಗುತ್ತದೆ. ಡೋಣಿಗೋ ಇಳಿಜಾರು ಕಮ್ಮಿ, ತಿರುವು ಜಾಸ್ತಿ. ಮಣ್ಣು ಅಲ್ಲೇ ಕೂರುತ್ತದೆ. ಅದರ ಮೇಲೆ ಜಾಲಿ ಏಳುತ್ತದೆ, ಜಾಲಿ ಇನ್ನಷ್ಟು ಮಣ್ಣು ಹಿಡಿಯುತ್ತದೆ. ವರ್ಷಕ್ಕೆಲ್ಲ ಬೀಳುವುದು 600 ಮಿಲಿಮೀಟರ್ ಆಸುಪಾಸು, ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರಿನದು. ಪಾತ್ರವೇ ತುಂಬಿರುವಾಗ ಆ ನೀರು ಎಲ್ಲಿ ಹೋಗಬೇಕು?

'ಡೋಣಿ ಬೆಳೆದರೆ ಓಣಿಯೆಲ್ಲ ಜೋಳ' ಅನ್ನುತ್ತಿದ್ದರು ಹಿರಿಯರು. ಎರೆಮಣ್ಣಿಗೆ ಒಮ್ಮೆ ಹಸಿ ಹಿಡಿದರೆ ಸಾಕು, ಹಿಂಗಾರಿ ಜೋಳ ಆ ಹಸಿಯಲ್ಲೇ ತೆನೆ ಬಿಡುತ್ತದೆ. ಈಗ ಓಣಿಗೆ ಬರುತ್ತಿರುವುದು ಜೋಳ ಅಲ್ಲ, ಡೋಣಿಯೇ. ಅದೂ ಸವಳು ನೀರು, ಕುಡಿಯೋಕೂ ಆಗಲ್ಲ.

ಇನ್ನು ವೈಮಾನಿಕ ಸಮೀಕ್ಷೆ. ನೆರೆ ನೋಡಲು ಇದಕ್ಕಿಂತ ಒಳ್ಳೆ ಉಪಾಯ ಇಲ್ಲ, ಬೂಟಿಗೆ ಎರೆಮಣ್ಣು ಮೆತ್ತುವುದಿಲ್ಲ. ಆ ಮಣ್ಣು ಒಮ್ಮೆ ಮೆತ್ತಿದರೆ ಹೆಜ್ಜೆ ಹೆಜ್ಜೆಗೂ ಬೂಟು ದಪ್ಪವಾಗುತ್ತಾ ಹೋಗುತ್ತದೆ, ಕೊನೆಗೆ ಬೂಟು ಅಲ್ಲೇ ಉಳಿದು ಮನುಷ್ಯ ಮಾತ್ರ ಬರುತ್ತಾನೆ. ಮೇಲಿಂದ ನೋಡಿದರೆ ಎಲ್ಲ ಒಂದೇ ಕಂದು ಬಣ್ಣ. ನದಿ ಯಾವುದು, ತೊಗರಿ ಹೊಲ ಯಾವುದು ಗೊತ್ತಾಗಲ್ಲ. ಹೂಳು ಎಷ್ಟಿದೆ ಅಂತ ಅಂತೂ ಗೊತ್ತಾಗುವುದೇ ಇಲ್ಲ. ಕಿಟಕಿ ಪಕ್ಕದ ಫೋಟೊ ಮಾತ್ರ ಚೆನ್ನಾಗಿ ಬರುತ್ತದೆ. ಅದೇ ತಾಲ್ಲೂಕು ಬರದ ಪಟ್ಟಿಗೆ ಸೇರಿದಾಗ ಯಾರೂ ಹಾರಿ ಬರುವುದಿಲ್ಲ. ಬಿರುಕು ಫೋಟೊದಲ್ಲಿ ಅಷ್ಟು ಚಂದ ಕಾಣಲ್ಲ, ಅಲ್ವಾ?

ಪರಿಹಾರದ ಲೆಕ್ಕ ಇನ್ನೂ ಮಜಾ. ಬೆಳೆ ಶೇ 33ರಷ್ಟಾದರೂ ಹಾಳಾಗಿರಬೇಕು. ಕೇಂದ್ರದ ಮಾರ್ಗಸೂಚಿಯಂತೆ ಮಳೆಯಾಶ್ರಿತ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡೇ ಹೆಕ್ಟೇರಿಗೆ. ಹೊಲದಲ್ಲಿ ಕೂತ ಹೂಳು ತೆಗೆಸಲು ದುಡ್ಡು ಬೇಕೆಂದರೆ ಅದು 3 ಇಂಚು ದಾಟಿರಬೇಕು, ದಾಟಿದೆ ಅಂತ ಅಧಿಕಾರಿ ಬರೆದುಕೊಡಬೇಕು. ರೈತನ ಹೊಲದ ಹೂಳಿಗೆ ಸ್ಕೇಲ್ ಇದೆ. ನದಿಯೊಳಗಿನ ಹೂಳು ಎಷ್ಟು ಇಂಚು ದಾಟಿದರೆ ಯಾರು ಏನು ಬರೆದುಕೊಡಬೇಕು ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಸಾಕಾಗಿದೆ, ನಿಜವಾಗಿ. ಒಂದು ಸೇತುವೆ ಎತ್ತರಿಸುವುದಕ್ಕೆ ಭೂಗರ್ಭಶಾಸ್ತ್ರ ಬೇಡ. ಆಚೆ ದಡದ ಮಕ್ಕಳು ಶಾಲೆಗೆ ಹೋಗಬೇಕು, ಹೆರಿಗೆ ನೋವು ಬಂದವಳು ಆಸ್ಪತ್ರೆ ಮುಟ್ಟಬೇಕು. ನೀರು ಇಳಿಯಲಿ ಅಂತ ಕಾಯುವುದು ಒಂದು ಯೋಜನೆಯಾ?

ಡೋಣಿ ಹೂಳೆತ್ತುವ ಭರವಸೆ ಹೊಸದಲ್ಲ, ಚುನಾವಣೆ ಬಂದಾಗಲೆಲ್ಲ ಅದೂ ಬರುತ್ತದೆ. ಈ ಸಲ ನಿಜಕ್ಕೂ ಎತ್ತುತ್ತಾರೆ ಅಂತಲೇ ಇಟ್ಟುಕೊಳ್ಳಿ. ಎತ್ತಿದ ಮಣ್ಣನ್ನು ಎಲ್ಲಿ ಹಾಕುತ್ತೀರಿ ಅಂತ ಒಮ್ಮೆ ಕೇಳಿ ನೋಡಿ. ದಡದ ಮೇಲೆ ಅಂದರೆ, ಮುಂದಿನ ವರ್ಷದ ಟೆಂಡರೂ ಈಗಲೇ ಕರೆಯಬಹುದು.