ಆರ್ದ್ರಾ ಮಳೆಯ ಬೇಸಿಗೆ ರಜೆ

ಕರ್ನಾಟಕದಲ್ಲಿ ದ್ವಿತೀಯ ಪಿಯುಸಿ ಮುಗಿಸಿದ ಮಕ್ಕಳಿಗೆ ಸಿಗುವಷ್ಟು ಉದ್ದದ ಬೇಸಿಗೆ ಯಾವ ಪಂಚಾಂಗದಲ್ಲಿಯೂ ಇರಲಾರದು. ಮಾರ್ಚ್‌ನಲ್ಲಿ ಪರೀಕ್ಷೆ ಮುಗಿಯುತ್ತದೆ, ಏಪ್ರಿಲ್‌ನಲ್ಲಿ ಎಂಜಿನಿಯರಿಂಗ್‌ನಂಥ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ಸಿಇಟಿಯೂ ಮುಗಿಯುತ್ತದೆ, ಆಮೇಲೆ ಮಗು ಮನೆಯಲ್ಲಿ ಕುಳಿತದ್ದು ಕುಳಿತೇ ಇರುತ್ತದೆ. ನಮ್ಮ ಸಾಗರದ ಕಡೆ ಅಪ್ಪೆಮಿಡಿ ಉಪ್ಪಿಗೆ ಬೀಳುವ ಹೊತ್ತಿಗೆ ಆರಂಭವಾದ ಈ ರಜೆಯು, ಹಲಸಿನ ಹಪ್ಪಳ ಒಣಗಿ ಡಬ್ಬಿ ಸೇರಿದ ಮೇಲೂ, ರೋಹಿಣಿ ಮತ್ತು ಮೃಗಶಿರ ಮಳೆಗಳು ದಾಟಿ ಆರ್ದ್ರಾ ಮಳೆ ಅಂಗಳವನ್ನು ಕೆರೆ ಮಾಡಿದ ಮೇಲೂ, ಕೊಳೆರೋಗಕ್ಕೆಂದು ಅಡಿಕೆಗೆ ಮೊದಲ ಸುತ್ತಿನ ಔಷಧಿ ಹೊಡೆದು ಮುಗಿಸಿದ ಮೇಲೂ ಮುಗಿಯುವುದಿಲ್ಲ. ಮನೆಯ ಕಿರಿಯ ಮಗ ಛತ್ರಿ ಹಿಡಿದು ಶಾಲೆಗೆ ಹೊರಟಾಗ, ಅಕ್ಕನಾದವಳು ಜಗುಲಿಯಲ್ಲಿ ಕಂಬಳಿ ಹೊದ್ದುಕೊಂಡು ‘ಬೇಸಿಗೆ ರಜೆ’ಯನ್ನು ಅನುಭವಿಸುತ್ತಿರುತ್ತಾಳೆ. ನನ್ನ ಅಕ್ಕನ ಮಗಳ ರಜೆಯನ್ನು ಹತ್ತಿರದಿಂದ ನೋಡಿದವನಾಗಿ ಈ ಮಾತನ್ನು ಹೇಳುತ್ತಿದ್ದೇನೆ.

ಇಂಥ ರಜೆಯಲ್ಲಿರುವ ಮಗುವನ್ನು ಪರಿಚಯಿಸುವುದೇ ಕಷ್ಟ. ಪಿಯು ಕಾಲೇಜಿನವರು ವರ್ಗಾವಣೆ ಪತ್ರ ಕೊಟ್ಟು ಕೈತೊಳೆದುಕೊಂಡಿರುತ್ತಾರೆ, ಮುಂದಿನ ಕಾಲೇಜು ಯಾವುದೆಂದು ಗೊತ್ತಿರುವುದಿಲ್ಲ. ಮೇ ತಿಂಗಳಿನ ಮದುವೆಮನೆಗಳಲ್ಲಿ ‘ಏನು ಓದುತ್ತಿದ್ದೀಯ?’ ಎಂಬ ಪ್ರಶ್ನೆಗೆ ಉತ್ತರವಿಲ್ಲದ ಕಾರಣ, ಬಂಧುಗಳು ಆ ಪ್ರಶ್ನೆಯನ್ನು ಕೈಬಿಟ್ಟು ನೇರವಾಗಿ ‘ರ‍್ಯಾಂಕ್ ಎಷ್ಟು?’ ಎನ್ನುತ್ತಾರೆ. ಹಿಂದೆ ರ‍್ಯಾಂಕ್ ಬಂದವರ ಭಾವಚಿತ್ರ ಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು. ಈಗ ಲಕ್ಷಾಂತರ ಮಕ್ಕಳಿಗೆ ರ‍್ಯಾಂಕ್ ಬರುತ್ತದೆ, ಅಚ್ಚು ಹಾಕಲು ಯಾವ ಪತ್ರಿಕೆಗೂ ಜಾಗ ಸಾಲದು. ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಲ್ಲಿ ಅರ್ಧ, ಸಿಇಟಿಯ ಅಂಕಗಳಲ್ಲಿ ಅರ್ಧ ಸೇರಿಸಿ ತಯಾರಾಗುವ ಆ ಸಂಖ್ಯೆಯನ್ನು ನಮ್ಮ ಹುಡುಗಿ ಮೊದಮೊದಲು ಪೂರ್ತಿಯಾಗಿ ಹೇಳುತ್ತಿದ್ದಳು. ಪಾಯಸ ಬಡಿಸುವವರೂ ಸೌಟು ತಡೆದು ಅದೇ ಪ್ರಶ್ನೆ ಕೇಳತೊಡಗಿದ ಮೇಲೆ, ‘ಸೀಟು ಸಿಗುತ್ತದೆ ಬಿಡಿ’ ಎಂಬ ಚುಟುಕು ಉತ್ತರಕ್ಕೆ ಇಳಿದಳು.

ರಜೆ ಎಂಬುದು ಹೆಸರಿಗೆ ಮಾತ್ರ. ವಾಸ್ತವದಲ್ಲಿ ಇದು ಇಡೀ ಮನೆ ಕಚೇರಿ ಕೆಲಸಕ್ಕೆ ಇಳಿಯುವ ಕಾಲ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಬೇಕು, ಆಧಾರ್‌ನಲ್ಲಿರುವ ಹೆಸರಿಗೂ ಅಂಕಪಟ್ಟಿಯಲ್ಲಿರುವ ಹೆಸರಿಗೂ ತಾಳೆಯಾಗಬೇಕು, ಅಪ್ಪನ ಹೆಸರಿನ ಮುಂದಿನ ಅಕ್ಷರ ಹಿಂದೆ ಹೋಗಿದ್ದರೆ ಅದನ್ನು ಮುಂದಕ್ಕೆ ತರಬೇಕು. ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ. 15ರಷ್ಟು, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5ರಷ್ಟು ಸೀಟುಗಳು ಮೀಸಲಾಗಿರುವುದರಿಂದ, ಓದಿದ್ದಕ್ಕೆ ಸಾಕ್ಷಿಯಾಗಿ ವ್ಯಾಸಂಗ ಪ್ರಮಾಣಪತ್ರ ಬೇಕು; ಅದಕ್ಕೆ ಮುಖ್ಯೋಪಾಧ್ಯಾಯರ ಸಹಿ ಮತ್ತು ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ. ಈಗ ಹಲವು ವಿವರಗಳು ಕಂಪ್ಯೂಟರಿನಲ್ಲಿಯೇ ಸಿಗುತ್ತವೆಯಾದರೂ ಕಾಗದದ ಮೇಲೆ ಮೊಹರು ಬೀಳದೆ ನಮ್ಮ ಭಾವನವರಿಗೆ ಸಮಾಧಾನವಿಲ್ಲ.

ಹೀಗಾಗಿ ಒಂದು ಮಳೆಯ ಬೆಳಿಗ್ಗೆ ನಾನೂ ಅವಳೂ ಅವಳ ಪ್ರಾಥಮಿಕ ಶಾಲೆಗೆ ಹೋದೆವು. ಮುಖ್ಯೋಪಾಧ್ಯಾಯಿನಿ ಕಬ್ಬಿಣದ ಬೀರುವಿನಿಂದ ರಟ್ಟು ಕಿತ್ತುಬಂದ ದಾಖಲಾತಿ ಪುಸ್ತಕವನ್ನು ತೆಗೆದು, ಮೇಜಿನ ಮೇಲೆ ಬಿಡಿಸಿ, ಬೆರಳಿನಿಂದ ಸಾಲು ಹಿಡಿದು ಹುಡುಕಿದರು. ಅವಳ ಹೆಸರು, ಹುಟ್ಟಿದ ದಿನ, ತಂದೆಯ ಉದ್ಯೋಗ ‘ಕೃಷಿ’, ಕೊನೆಯ ಅಂಕಣದಲ್ಲಿ ಅಂದು ಅಕ್ಕ ಹಾಕಿದ ಸಹಿ. ಹೊರಗೆ ಬಿಸಿಯೂಟದ ಸಾರಿಗೆ ಒಗ್ಗರಣೆ ಬಿದ್ದ ಸದ್ದು ಕೇಳಿತು. ಬಾಗಿಲ ಸಂದಿಯಿಂದ ಇಣುಕುತ್ತಿದ್ದ ಒಂದನೆಯ ತರಗತಿಯ ಹುಡುಗನೊಬ್ಬ ಇವಳನ್ನು ಮೇಲಿಂದ ಕೆಳಗೆ ನೋಡಿ, ‘ಹೊಸ ಟೀಚರಾ?’ ಎಂದು ಪಕ್ಕದವನನ್ನು ಕೇಳಿದ. ಬೇಸಿಗೆಯುದ್ದಕ್ಕೂ ಯಾವ ಹುದ್ದೆಯೂ ಇಲ್ಲದೆ ಇದ್ದವಳಿಗೆ ಒಂದು ಹುದ್ದೆ ದೊರೆತದ್ದು ಅಲ್ಲಿಯೇ. ದಾರಿಯುದ್ದಕ್ಕೂ ಬಹಳ ಗಾಂಭೀರ್ಯದಿಂದ ಇದ್ದಳು.

ದಾಖಲೆಗಳ ಅಧ್ಯಾಯ ಮುಗಿದರೆ ಆಪ್ಷನ್ ಎಂಟ್ರಿಯ ಅಧ್ಯಾಯ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿ ನಮಗೆ ಬೇಕಾದ ಕಾಲೇಜು ಮತ್ತು ವಿಭಾಗಗಳನ್ನು ಆದ್ಯತೆಯ ಕ್ರಮದಲ್ಲಿ ನಮೂದಿಸುವುದಕ್ಕೆ ಈ ಹೆಸರು. ಮಳೆಗಾಲದ ಮಲೆನಾಡಿನಲ್ಲಿ ಕರೆಂಟು ಇದ್ದಾಗ ನೆಟ್‌ವರ್ಕ್ ಇರುವುದಿಲ್ಲ. ಎರಡೂ ಇದ್ದಾಗ ಓಟಿಪಿ ಬರುವ ಮೊಬೈಲನ್ನು ಕಿಸೆಯಲ್ಲಿಟ್ಟುಕೊಂಡು ಭಾವ ತೋಟಕ್ಕೆ ಹೋಗಿರುತ್ತಾರೆ. ಆದ್ದರಿಂದ ಸೀಟಿನ ಭವಿಷ್ಯವೆಲ್ಲ ಪೇಟೆಯ ಸೈಬರ್ ಅಂಗಡಿಯವನ ಕೈಗೆ ಹೋಗುತ್ತದೆ. ಇಡೀ ತಾಲ್ಲೂಕಿನ ಮಕ್ಕಳ ರ‍್ಯಾಂಕುಗಳು ಅವನಿಗೆ ಬಾಯಿಪಾಠ. ಕಳೆದ ವರ್ಷ ಯಾವ ಕಾಲೇಜಿನ ಯಾವ ವಿಭಾಗ ಎಷ್ಟಕ್ಕೆ ಮುಗಿಯಿತೆಂದು ಪುಟ ತಿರುವದೆ ಹೇಳಬಲ್ಲ. ‘ಇ’ ಅಕ್ಷರದಿಂದ ಆರಂಭವಾಗುವ ಕಾಲೇಜು ಸಂಕೇತಗಳನ್ನೂ ಸಿಎಸ್, ಇಸಿ, ಎಂಇ ಎಂಬ ವಿಭಾಗ ಸಂಕೇತಗಳನ್ನೂ ಅವನು ಜೋಡಿಸುತ್ತಿದ್ದ ವೇಗಕ್ಕೆ ನಮ್ಮ ಮನೆಯ ಯಾವ ಚರ್ಚೆಯೂ ಸರಿಸಾಟಿಯಾಗಲಿಲ್ಲ. ಆ ಚರ್ಚೆಯಾದರೂ ಎಂಥದ್ದು! ಸಿವಿಲ್ ಓದಿದರೆ ಬಿಸಿಲಿನಲ್ಲಿ ನಿಲ್ಲಬೇಕೆಂದು ಒಬ್ಬರು, ಕಂಪ್ಯೂಟರ್ ಓದಿದರೆ ಬಿಸಿಲನ್ನೇ ಕಾಣುವುದಿಲ್ಲವೆಂದು ಇನ್ನೊಬ್ಬರು. ಓದಬೇಕಾದವಳು ಚಕ್ಕುಲಿ ತಿನ್ನುತ್ತಾ ಎರಡೂ ಕಡೆಯ ವಾದವನ್ನು ಆಲಿಸುತ್ತಿದ್ದಳು.

ಸೀಟು ಹಂಚಿಕೆಯಾದ ಮೇಲೆ ನಾಲ್ಕು ‘ಚಾಯ್ಸ್’ಗಳು ಮುಂದೆ ನಿಲ್ಲುತ್ತವೆ. ಸಿಕ್ಕ ಸೀಟು ಒಪ್ಪಿಗೆಯಾದರೆ ಒಂದನೆಯದು. ಒಪ್ಪಿಗೆಯೇ, ಆದರೆ ಮುಂದಿನ ಸುತ್ತಿನಲ್ಲಿ ಇದಕ್ಕಿಂತ ಒಳ್ಳೆಯದು ಸಿಕ್ಕರೆ ಅದನ್ನೇ ಕೊಡಿ ಎನ್ನುವವರಿಗೆ ಎರಡನೆಯದು. ಇದು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ ಎನ್ನುವುದು ಮೂರನೆಯದು. ನಿಮ್ಮ ಸಹವಾಸವೇ ಸಾಕು ಎನ್ನುವುದು ನಾಲ್ಕನೆಯದು. ಇದನ್ನು ನನ್ನ ತಾಯಿಗೆ ವಿವರಿಸುವ ಹೊಣೆ ಮೊಮ್ಮಗಳದಾಗಿತ್ತು. ಅಡಿಕೆ ಕತ್ತರಿಸುತ್ತಾ ಪೂರ್ತಿ ಕೇಳಿಸಿಕೊಂಡ ಅಮ್ಮ, ‘ಆ ಎರಡನೆಯದು ಇದೆಯಲ್ಲ, ನಮ್ಮ ಕಾಲದಲ್ಲಿ ಮದುವೆಗೆ ಇಟ್ಟಿದ್ದರೆ ಒಳ್ಳೆಯದಿತ್ತು’ ಎಂದರು. ಅಪ್ಪ ಪತ್ರಿಕೆಯನ್ನು ಸ್ವಲ್ಪ ಮೇಲಕ್ಕೆ ಎತ್ತಿ ಹಿಡಿದುಕೊಂಡರು.

ನಮ್ಮ ಕಾಲದಲ್ಲಿ ಇಷ್ಟೆಲ್ಲ ಕೂತಲ್ಲಿಯೇ ಆಗುತ್ತಿರಲಿಲ್ಲ. ಸಿಇಟಿ ಆರಂಭವಾದದ್ದು 1994ರಲ್ಲಿ. ಅದಾದ ಕೆಲವು ವರ್ಷಗಳಿಗೆ ಪರೀಕ್ಷೆ ಬರೆದ ನಾನು ಅಪ್ಪನ ಜೊತೆ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ, ಮಲ್ಲೇಶ್ವರದ ಸಿಇಟಿ ಕೇಂದ್ರದಲ್ಲಿ ಸರದಿಗಾಗಿ ಕಾದಿದ್ದೆ. ಉಳಿದಿರುವ ಸೀಟುಗಳ ಲೆಕ್ಕ ಟಿವಿ ಪರದೆಯ ಮೇಲೆ ಕಾಣುತ್ತಿತ್ತು. ಒಳಗೆ ಹೋದವರು ಹೊರಗೆ ಬರುವ ಹೊತ್ತಿಗೆ ಒಂದು ಸಂಖ್ಯೆ ಕಡಿಮೆಯಾಗಿರುತ್ತಿತ್ತು. ಕಾಲೇಜಿನ ಆಯ್ಕೆ ನಿಮಿಷಗಳಲ್ಲಿ ಮುಗಿದು, ಅಪ್ಪ ಹೊರಗೆ ಬಂದು ಮಸಾಲೆ ದೋಸೆ ಕೊಡಿಸಿ, ಸಂಜೆಯ ಬಸ್ಸಿಗೆ ಹತ್ತಿಸಿದ್ದರು. ಈಗ ಅಣಕು ಹಂಚಿಕೆ, ಮೊದಲ ಸುತ್ತು, ಎರಡನೆಯ ಸುತ್ತು ಎಂದು ಎರಡು ನಕ್ಷತ್ರಗಳ ಮಳೆ ಸುರಿದು ಹೋಗುತ್ತದೆ. ಅನುಕೂಲ ಹೆಚ್ಚಾಗಿರುವುದು ನಿಜ. ಆತಂಕವನ್ನು ತಿಂಗಳುಗಟ್ಟಲೆ ಕಂತಿನಲ್ಲಿ ಕೊಡುವ ಏರ್ಪಾಟು ಕೂಡ ಅದರ ಜೊತೆಗೇ ಬಂದಿದೆ.

ನನಗೆ ಸೋಜಿಗವೆನಿಸುವುದು ಬೇರೆಯೇ ಸಂಗತಿ. ಯಾವ ಕಾಲೇಜು, ಯಾವ ವಿಭಾಗ, ಮುಂದೆ ಎಷ್ಟು ಸಂಬಳ ಎಂದು ಇಷ್ಟೊಂದು ತಲೆ ಕೆಡಿಸಿಕೊಳ್ಳುವ ನಾವು, ಹುಟ್ಟಿದಾಗಿನಿಂದ ಒಂದೇ ಸೂರಿನ ಕೆಳಗೆ ಮಲಗಿದ ಮಗು ಮುಂದಿನ ತಿಂಗಳಿನಿಂದ ಗುರುತು ಪರಿಚಯವಿಲ್ಲದ ಇಬ್ಬರ ನಡುವೆ ಮಲಗಬೇಕೆಂಬುದರ ಬಗ್ಗೆ ಒಂದು ಮಾತನ್ನೂ ಆಡುವುದಿಲ್ಲ. ಆಡಲು ಬಾರದ ಆ ಮಾತೆಲ್ಲ ಸಾಮಾನಿನ ರೂಪದಲ್ಲಿ ಹೊರಬೀಳುತ್ತದೆ. ಮೈಸೂರಿನ ಕಾಲೇಜೊಂದರಲ್ಲಿ ಸೀಟು ಖಚಿತವಾದ ದಿನವೇ ಅಕ್ಕ ಪಟ್ಟಿ ಬರೆಯತೊಡಗಿದಳು: ಬಕೆಟ್ಟು, ಚೊಂಬು, ಬಟ್ಟೆ ಒಣಗಿಸುವ ಹಗ್ಗ, ಕ್ಲಿಪ್ಪು, ಎರಡು ಕೀಲಿಯ ಬೀಗ, ಸೊಳ್ಳೆಪರದೆ, ಕೊಬ್ಬರಿ ಎಣ್ಣೆ, ನೆಗಡಿಗೆ ಕಷಾಯದ ಪುಡಿ, ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ. ಹಾಸ್ಟೆಲಿನಲ್ಲಿ ಹಪ್ಪಳ ಕರಿಯುವುದು ಎಲ್ಲಿ ಎಂದು ಕೇಳಿದ್ದಕ್ಕೆ, ‘ಇರಲಿ’ ಎಂಬ ಉತ್ತರ ಬಂತು. ಬಕೆಟ್ಟನ್ನು ಮೈಸೂರಿನಲ್ಲಿಯೇ ಕೊಳ್ಳಬಹುದೆಂಬ ನನ್ನ ಸಲಹೆಯನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅದರೊಳಗೆ ಉಪ್ಪಿನಕಾಯಿಯ ಭರಣಿಯನ್ನು ಟವೆಲ್ಲಿನಲ್ಲಿ ಸುತ್ತಿ ಕೂರಿಸಿಯಾಗಿತ್ತು.

ಆ ಬಕೆಟ್ಟೇ ಮುಂದೆ ಅವಳನ್ನು ಅಲ್ಲಿ ನೆಲೆಗೊಳಿಸಿತು. ಕಾಲೇಜಿನವರು ಹೊಸಬರಿಗೆಂದು ಸಭಾಂಗಣದಲ್ಲಿ ದಿನಗಟ್ಟಲೆ ಪರಿಚಯ ಕಾರ್ಯಕ್ರಮ ಏರ್ಪಡಿಸಿದ್ದರು. ಗಣ್ಯರು ಬಂದು ಭಾಷಣ ಮಾಡಿದರು. ಇವಳಿಗೆ ಅದರಲ್ಲಿ ನೆನಪಿರುವುದು ಫ್ಯಾನಿನ ಕೆಳಗಿನ ಕುರ್ಚಿ ಯಾರಿಗೆ ಸಿಕ್ಕಿತೆಂಬುದಷ್ಟೇ. ನಿಜವಾದ ಪರಿಚಯ ನಡೆದದ್ದು ಬೆಳಗಿನ ಜಾವ, ಬಿಸಿನೀರಿನ ನಲ್ಲಿಯ ಎದುರು. ಅಲ್ಲಿ ಮನುಷ್ಯರು ಸಾಲಿನಲ್ಲಿ ನಿಲ್ಲುವುದಿಲ್ಲ, ಬಕೆಟ್ಟುಗಳು ನಿಲ್ಲುತ್ತವೆ. ಪ್ರತಿಯೊಂದರ ಮೇಲೂ ಉಗುರುಬಣ್ಣದಿಂದ ಹೆಸರೋ ಕೊಠಡಿಯ ಸಂಖ್ಯೆಯೋ ಬರೆದಿರುತ್ತದೆ. ಬಕೆಟ್ಟು ಇಟ್ಟು ಮತ್ತೆ ಮಲಗಲು ಹೋದವಳ ಸರದಿ ಬಂದಾಗ ಅದನ್ನು ತುಂಬಿಸಿ ಪಕ್ಕಕ್ಕೆ ಇಡುವವಳು ಗೆಳತಿ. ಹಿಂದಕ್ಕೆ ತಳ್ಳಿ ತನ್ನದನ್ನು ಮುಂದಿಡುವವಳು ಯಾರೆಂಬುದು ಒಂದೇ ವಾರದಲ್ಲಿ ಇಡೀ ಮಹಡಿಗೆ ತಿಳಿದಿರುತ್ತದೆ. ಇವಳ ಬಕೆಟ್ಟನ್ನು ಮೊದಲ ಬಾರಿ ತುಂಬಿಸಿಟ್ಟವಳು ರಾಯಚೂರಿನ ಕಡೆಯ ಹುಡುಗಿ. ಅವಳ ಡಬ್ಬಿಯ ಕಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿಗೆ ನಮ್ಮ ಅಪ್ಪೆಮಿಡಿ ಒಗ್ಗಿಕೊಂಡಿತು. ಹಾಸ್ಟೆಲಿನ ಸಪ್ಪೆ ಸಾಂಬಾರನ್ನು ಎದುರಿಸಲು ಉತ್ತರ ಕರ್ನಾಟಕವೂ ಮಲೆನಾಡೂ ಒಂದಾಗಬೇಕಾದದ್ದು ಅನಿವಾರ್ಯವಾಗಿತ್ತೆಂದು ತೋರುತ್ತದೆ. ಬೋರ್‌ವೆಲ್ ನೀರಿಗೆ ಕೂದಲು ಉದುರುತ್ತದೆ ಎಂಬುದು ಅವರ ಮೊದಲ ಜಂಟಿ ದೂರು.

ಮೂರನೆಯವಳು ರಾಂಚಿಯವಳು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಕನ್ನಡ ಬಲ್ಲವರಿಗೆ ‘ಸಾಂಸ್ಕೃತಿಕ ಕನ್ನಡ’, ಬಾರದವರಿಗೆ ‘ಬಳಕೆ ಕನ್ನಡ’ ಎಂಬ ಪತ್ರಿಕೆಯಿದೆ. ರಾಂಚಿಯ ಹುಡುಗಿ ಪುಸ್ತಕ ಹಿಡಿದು ಕೂರುವ ಮೊದಲೇ ‘ಅಣ್ಣಾ, ಸ್ವಲ್ಪ ಸಾಂಬಾರ್ ಹಾಕಿ’ ಎಂಬ ವಾಕ್ಯವನ್ನೂ, ಎರಡು ದಿನದ ನಂತರ ‘ಅಣ್ಣಾ, ಸಾಂಬಾರ್ ಬೇಡ’ ಎಂಬ ವಾಕ್ಯವನ್ನೂ ಕಲಿತಳಂತೆ.

ಇದೇ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದವರನ್ನು ಭೌತಶಾಸ್ತ್ರದ ಸೈಕಲ್, ರಸಾಯನಶಾಸ್ತ್ರದ ಸೈಕಲ್ ಎಂದು ಎರಡು ಪಾಲು ಮಾಡುತ್ತಾರೆ. ಎರಡನೆಯ ಸೆಮಿಸ್ಟರಿನಲ್ಲಿ ಪಾಲು ಅದಲುಬದಲಾಗುತ್ತದೆ. ಮದುವೆಮನೆಯಲ್ಲಿ ರ‍್ಯಾಂಕ್ ಕೇಳಿದಂತೆ ಇಲ್ಲಿ ‘ಪಿ ಸೈಕಲ್ಲಾ, ಸಿ ಸೈಕಲ್ಲಾ?’ ಎಂದು ಕೇಳುತ್ತಾರೆ. ಕಷ್ಟಪಟ್ಟು ಸಂಪಾದಿಸಿದ ರ‍್ಯಾಂಕನ್ನು ಇಲ್ಲಿ ಯಾರೂ ಕೇಳುವುದಿಲ್ಲವೆಂಬುದು ಅವಳಿಗೆ ಮೊದಲು ಬೇಸರವನ್ನೂ ಆಮೇಲೆ ನೆಮ್ಮದಿಯನ್ನೂ ತಂದಿತು. ರ‍್ಯಾಗಿಂಗ್‌ನ ಭಯವಿತ್ತು, ಆದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2009ರ ನಿಯಮದ ಪ್ರಕಾರ ವಿದ್ಯಾರ್ಥಿಯೂ ಪೋಷಕರೂ ಬರೆದುಕೊಡಬೇಕಾದ ಮುಚ್ಚಳಿಕೆಗೆ, ತನ್ನ ಮಗಳು ಯಾರನ್ನೂ ಪೀಡಿಸುವುದಿಲ್ಲವೆಂದು ಭಾವ ಸಹಿ ಹಾಕಿದ್ದರು. ಕೊಟ್ಟಿಗೆಯ ಕಡಸು ತಲೆ ಅಲ್ಲಾಡಿಸಿದರೆ ಓಡಿಬರುವವಳ ಪರವಾಗಿ ಅಂಥ ಪ್ರಮಾಣ ಮಾಡುವಾಗ ಅವರ ಮುಖದಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಮೊದಲ ತಿಂಗಳು ಎಲ್ಲರಿಗೂ ಮನೆಯ ಹಂಬಲವೇ. ಹಿಂದಿನವರು ದಸರಾ ರಜೆಯವರೆಗೂ ಹಲ್ಲುಕಚ್ಚಿ ಕಾಯುತ್ತಿದ್ದರು, ಏಕೆಂದರೆ ಬಸ್ಸಿನ ದುಡ್ಡು ಲೆಕ್ಕಕ್ಕೆ ಬರುತ್ತಿತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಆರಂಭವಾದಂದಿನಿಂದ ಹೆಣ್ಣುಮಕ್ಕಳು ಆಧಾರ್ ತೋರಿಸಿ, ಶೂನ್ಯ ದರದ ಟಿಕೆಟ್ ಪಡೆದು, ರಾಜ್ಯದೊಳಗಿನ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಓಡಾಡಬಹುದು. ಹಾಸ್ಟೆಲಿನ ಹುಡುಗಿಯರಿಗೆ ಇದರಿಂದಾದ ಉಪಕಾರದ ಬಗ್ಗೆ ಯಾರಾದರೂ ವಿಸ್ತಾರವಾಗಿ ಬರೆಯಬೇಕು. ನಮ್ಮವಳು ಶುಕ್ರವಾರ ಸಂಜೆ ಮೈಸೂರಿನಲ್ಲಿ ಬಸ್ಸು ಹತ್ತಿ, ಶಿವಮೊಗ್ಗದಲ್ಲಿ ಬಸ್ಸು ಬದಲಿಸಿ, ಒಗೆಯದ ಬಟ್ಟೆಯ ಮೂಟೆಯೊಂದಿಗೆ ಮನೆಗೆ ಇಳಿಯುತ್ತಿದ್ದಳು. ಭಾನುವಾರ ಒಗೆದ ಬಟ್ಟೆ ಮತ್ತು ಹೊಸ ಉಪ್ಪಿನಕಾಯಿಯೊಂದಿಗೆ ಮರಳುತ್ತಿದ್ದಳು. ಆಮೇಲಾಮೇಲೆ ಶುಕ್ರವಾರಗಳು ಖಾಲಿ ಹೋಗತೊಡಗಿದವು. ರಾಯಚೂರಿನವಳನ್ನು ಚಾಮುಂಡಿ ಬೆಟ್ಟಕ್ಕೆ ಕರೆದುಕೊಂಡು ಹೋಗಬೇಕಿತ್ತು, ರಾಂಚಿಯವಳಿಗೆ ದೇವರಾಜ ಮಾರುಕಟ್ಟೆ ತೋರಿಸಬೇಕಿತ್ತು, ಅಸೈನ್‌ಮೆಂಟ್ ಇತ್ತು.

ಅಕ್ಕ ಮೊದಲು ಮುನಿಸಿಕೊಂಡಳು. ಆಮೇಲೆ ಅವಳಿಗೆ ಹೊಳೆಯಿತು, ಆಧಾರ್ ತನ್ನ ಬಳಿಯೂ ಇದೆ. ಕೊಟ್ಟಿಗೆಯ ಕೆಲಸವನ್ನು ಭಾವನಿಗೆ ಒಪ್ಪಿಸಿ, ಹಪ್ಪಳವನ್ನು ಈ ಬಾರಿ ಮನೆಯಲ್ಲೇ ಕರಿದು ಡಬ್ಬಿಗೆ ತುಂಬಿ, ತಿಂಗಳಿಗೊಮ್ಮೆಯೆಂದು ಆರಂಭಿಸಿದವಳು ಈಗ ಹದಿನೈದು ದಿನಕ್ಕೊಮ್ಮೆ ಮೈಸೂರಿನ ಬಸ್ಸು ಹತ್ತುತ್ತಾಳೆ. ಮೊನ್ನೆ ಅಕ್ಕನ ಮಗಳು ನನಗೇ ಫೋನ್ ಮಾಡಿದಳು: ‘ಮಾವ, ಬರುವ ವಾರ ಇಂಟರ್ನಲ್ಸ್ ಇದೆ. ಅಮ್ಮನಿಗೆ ನೀವೇ ಏನಾದರೂ ಹೇಳಿ. ಹಪ್ಪಳ ಮಾತ್ರ ಯಾರ ಕೈಯಲ್ಲಾದರೂ ಕಳಿಸಲಿ, ಇಲ್ಲಿ ಎಲ್ಲರೂ ಕೇಳುತ್ತಿದ್ದಾರೆ.’